ಗುರುತಿನ ಕಲ್ಲು

ಕಲ್ಲು ಅಲುಗಾಡಿತು. ಯಂಕವ್ವ ಹಾರೆಯನ್ನು ಇನ್ನೊಂದು ಮಗ್ಗುಲಿಗೆ ತೂರಿಸಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದಳು. ಅರವತ್ತು ದಾಟಿದ ಹೆಂಗಸಿನ ಮೈಭಾರ ಎಷ್ಟಿದ್ದೀತು! ಆದರೂ ಕಲ್ಲು ಬುಡಸಮೇತ ಎದ್ದು ಮಗ್ಗುಲಾಯಿತು. ಅದರ ನೆತ್ತಿಗೆ ಬಳಿದ ಸುಣ್ಣ, ಸುಣ್ಣದ ಮೇಲೆ ಬರೆದ ಕೆಂಪು ಅಂಕಿ ಎರಡೂ ಹೊಚ್ಚ ಹೊಸವು. ಅದನ್ನು ಬುಟ್ಟಿಗೆ ಹಾಕಿ, ಮೇಲೆ ಸಗಣಿಯ ಕುಳ್ಳು ಮುಚ್ಚಿ, ಸುತ್ತ ನೋಡಿದಳು. ಮಟಮಟ ಮಧ್ಯಾಹ್ನ. ಊರು ರೊಟ್ಟಿ ತಿಂದು ಅಡ್ಡಾಗಿತ್ತು.

ಇಂಥ ಕಲ್ಲನ್ನು ಅವಳು ಮೊದಲ ಸಲ ನೋಡಿದ್ದು ತೊಂಬತ್ತೇಳರಲ್ಲಿ, ಕೃಷ್ಣೆಯ ದಂಡೆಯ ಹಳೇ ಊರಿನಲ್ಲಿ. ಸರಕಾರದವರು ಬಂದರು, ಅಳೆದರು, ಕಲ್ಲು ನೆಟ್ಟು ಅಂಕಿ ಬರೆದರು. ನಿಮ್ಮ ಒಳ್ಳೆಯದಕ್ಕೇ ಅಂದರು. ಜನ ಅವರಿಗೆ ಚಹಾ ಕುಡಿಸಿ ಕಳಿಸಿದರು. ಕೆಲವರು ಆ ಕಲ್ಲುಗಳಿಗೆ ಎಮ್ಮೆಯನ್ನೂ ಕಟ್ಟಿದರು. ಅಣೆಕಟ್ಟು ತುಂಬಿದ ವರ್ಷ ಹಿನ್ನೀರು ನೆಟ್ಟಗೆ ಆ ಕಲ್ಲಿನ ತನಕ ಬಂದು ನಿಂತಿತು. ಮನೆ ಹೋಯಿತು, ಹೊಲ ಹೋಯಿತು. ಹೊಲದ ಮೂಲೆಯಲ್ಲಿ ಮಣ್ಣು ಮಾಡಿದ್ದ ಗಂಡ ಹಣಮಪ್ಪನೂ ನೀರಿನಡಿ ಹೋದ.

ಪರಿಹಾರದಲ್ಲಿ ಅವಳು ಬೀಳಗಿಯ ಕಡೆ, ಗುಡ್ಡದ ಬುಡದಲ್ಲಿ ಎರಡೆಕರೆ ಕಲ್ಲುನೆಲದ ಮಡ್ಡಿ ಹೊಲ ಕೊಂಡಳು. ಈ ಹೊಸ ಊರಿನವರೆಲ್ಲ ಹಾಗೆ ಎದ್ದು ಬಂದವರೇ. ಕೆಳಗೆ ನೋಡಿದರೆ ಕಣ್ಣು ಹಾಯುವಷ್ಟು ದೂರ ಹಿನ್ನೀರು. ಮೇಲೆ ಬೋರು ಬತ್ತಿ, ಕೊಡ ಹಿಡಿದು ಟ್ಯಾಂಕರಿನ ದಾರಿ ಕಾಯಬೇಕು. ಪಂಚಾಯಿತಿ ಮೆಂಬರ್ ಪರಮಾನಂದ ನಾಲ್ಕು ವರ್ಷ ಅರ್ಜಿ ಹಿಡಿದು ಕಚೇರಿ ಕಚೇರಿ ಅಲೆದ. ಗುಡ್ಡಕ್ಕೆ ಒಡ್ಡು ಹಾಕಿಸುತ್ತೇನೆ, ಹಳ್ಳಕ್ಕೆ ಕಟ್ಟೆ ಕಟ್ಟಿಸುತ್ತೇನೆ, ಸರಕಾರದ ಅನುದಾನ ಇನ್ನೇನು ಬಂತು ಅನ್ನುತ್ತಿದ್ದ. ಜನ ನಕ್ಕು ನಕ್ಕು ಸಾಕಾದರು. ಈಚೆಗೆ ಅವನೂ ಆ ಮಾತು ಬಿಟ್ಟಿದ್ದ.

ಆ ಚಳಿಗಾಲ ಊರಿನ ಬಾಯಲ್ಲಿದ್ದದ್ದು ಬೇರೆ ಸುದ್ದಿ. ಅಣೆಕಟ್ಟನ್ನು ಇನ್ನೂ ಎತ್ತರಿಸುತ್ತಾರಂತೆ, ಪೇಪರಿನಲ್ಲೇ ಬಂದಿದೆಯಂತೆ. ಅದರ ಬೆನ್ನಿಗೇ, ಸಂಕ್ರಮಣದ ವಾರ, ಇಬ್ಬರು ನೌಕರರು ಮೋಟರ್ ಸೈಕಲ್ ಮೇಲೆ ಬಂದಿಳಿದರು. ಈ ಸಲ ಯಾರೂ ಚಹಾ ಕೊಡಲಿಲ್ಲ, ಬಾಗಿಲು ಹಾಕಿಕೊಂಡರು. ಅವರು ನೀರು ತುಂಬಿದ ಉದ್ದನೆಯ ಗಾಜಿನಂಥ ಪೈಪನ್ನು ಎರಡು ತುದಿಗೆ ಹಿಡಿದು, ಒಳಗಿನ ನೀರಿನ ಮಟ್ಟ ನೋಡುತ್ತ ಒಂದೊಂದೇ ಕಲ್ಲು ನೆಟ್ಟರು. ಯಂಕವ್ವ ಅವರ ಬಳಿ ಓಡಿದಳು.

"ಸಾಹೇಬ್ರ, ನೀರು ಇಲ್ಲಿತನಕ ಬರತೈತೇನ್ರಿ?"

"ಬರತೈತಬೇ ಆಯಿ. ಬಂದದ್ದು ಎಲ್ಲಿಗೂ ಹೋಗಂಗಿಲ್ಲ, ನಿನ್ನ ಹೊಲದಾಗ ನಿಲ್ಲತೈತಿ," ಎಂದು ಒಬ್ಬ ನಕ್ಕ. "ನಿಮ್ಮ ಛಲೋದಕ್ಕೇ ಮಾಡಾಕತ್ತೇವಿ."

ಮತ್ತೆ ಕೇಳುವುದೇನು ಉಳಿದಿತ್ತು? ಕಲ್ಲುಗಳು ಗುಡ್ಡದ ಅರ್ಧದ ತನಕ ಹತ್ತಿದ್ದವು. ಅಷ್ಟು ಎತ್ತರಕ್ಕೆ ಹಿನ್ನೀರು ಬರುವುದುಂಟೇ ಎಂದು ತಾಳ್ಮೆಯಿಂದ ನೋಡಿದವರು ಕೇಳಬಹುದಿತ್ತು. ಒಮ್ಮೆ ಮುಳುಗಿದವಳಿಗೆ ಅಷ್ಟು ತಾಳ್ಮೆ ಎಲ್ಲಿಯದು? ಇನ್ನೊಮ್ಮೆ ಗಂಟುಮೂಟೆ ಕಟ್ಟಿ ಎಲ್ಲಿಗೆ ಹೋಗುವುದು? ಕಲ್ಲಿದ್ದರೆ ತಾನೇ ನೀರು, ಕಲ್ಲೇ ಇಲ್ಲದಿದ್ದರೆ ಅದು ಹೇಗೆ ಬರುತ್ತದೋ ನೋಡೋಣ ಎಂದು ಹಟ ಹಿಡಿದಳು. ಯಾರಿಗೂ ಬಾಯಿ ಬಿಡಲಿಲ್ಲ. ಹಳೇ ಊರಿನಲ್ಲಿ ಕಲ್ಲು ಕಿತ್ತ ಒಬ್ಬನ ಮೇಲೆ ಪೊಲೀಸ್ ಕೇಸಾಗಿದ್ದು ಅವಳಿಗೆ ನೆನಪಿತ್ತು.

ಬುಟ್ಟಿ ಹೊತ್ತು ಕಾಲುದಾರಿಗೆ ಬಂದರೆ ಎದುರಿಗೇ ರೇವಪ್ಪ, ಪಕ್ಕದ ಹೊಲದವ. ತಲೆಯ ಮೇಲೆ ಹೊಟ್ಟಿನ ಬುಟ್ಟಿ, ಮೈತುಂಬ ಬೆವರು.

"ಇಂಥಾ ಬಿಸಲಾಗ ಎಲ್ಲಿಗೆ, ಯಂಕವ್ವ?"

"ಕುಳ್ಳು ಒಯ್ಯಾಕತ್ತೇನಿ. ನೀ?"

"ಎಮ್ಮಿಗೆ ಹೊಟ್ಟು."

ತಂಬಾಕು ಕೇಳದೆ ದಾರಿ ಬಿಡುವ ಆಸಾಮಿಯಲ್ಲ ರೇವಪ್ಪ. ಅವತ್ತು ಮುಖ ತಿರುಗಿಸಿ ನಡೆದುಬಿಟ್ಟ. ಇವನಿಗೆ ಗೊತ್ತಾಗಿಹೋಯಿತು, ನಾಳೆ ಪೊಲೀಸರು ಬರುತ್ತಾರೆ ಎಂದುಕೊಂಡು ಯಂಕವ್ವ ಕಲ್ಲನ್ನು ತಿಪ್ಪೆಯಲ್ಲಿ ಹೂತಳು. ಮೂರು ದಿನ ಮನೆಬಿಟ್ಟು ಹೊರಬೀಳಲಿಲ್ಲ. ಯಾರೂ ಬರಲಿಲ್ಲ. ನಾಲ್ಕನೆಯ ದಿನ ಧೈರ್ಯ ಮಾಡಿ ತನ್ನ ಹೊಲದಲ್ಲಿ ಉಳಿದವನ್ನೂ ಕಿತ್ತಳು.

ಫೆಬ್ರುವರಿಯಲ್ಲಿ ಒಂದು ಜೀಪು ಬಂತು. ಅದರೊಳಗಿನವರು ಗುಡ್ಡವನ್ನೆಲ್ಲ ಸುತ್ತಿ, ಏನನ್ನೋ ಬರೆದುಕೊಂಡು ಹೊರಟುಹೋದರು. ಯಂಕವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಎಷ್ಟೋ ವರ್ಷಗಳ ಮೇಲೆ ಅವಳಿಗೆ ಕಣ್ತುಂಬ ನಿದ್ದೆ ಬಂತು. ಅಷ್ಟು ದೊಡ್ಡ ಹೊಳೆಯನ್ನು ಒಬ್ಬಳೇ ಹಿಂದಕ್ಕೆ ಕಳಿಸಿದ್ದಳಲ್ಲ!

ಮಾರ್ಚ್ ಕೊನೆಯ ದಿನ ಪರಮಾನಂದ ಊರನ್ನೆಲ್ಲ ಗುಡಿಯ ಮುಂದೆ ಕರೆಸಿದ. ಅವನ ಕೈಯಲ್ಲೊಂದು ಕಾಗದವಿತ್ತು.

"ಅನುದಾನ ಮಂಜೂರಾಗಿತ್ತು," ಎಂದ. "ಮೊದಲ ಹೇಳಿದ್ರ ಮತ್ತ ನಗತೀರಿ, ಕೆಲಸ ಸುರು ಆದ ಮ್ಯಾಲೆ ಹೇಳೂಣು ಅಂತ ಸುಮ್ಮನಿದ್ದೆ. ಒಡ್ಡು ಎಲ್ಲಿ ಹಾಕೋದು, ಮಳಿ ನೀರು ಎಲ್ಲಿ ನಿಲ್ಲಸೋದು ಅಂತ ಅಳದು, ಸಂಕ್ರಮಣದಾಗ ಗುರ್ತಿನ ಕಲ್ಲು ಹಾಕಿ ಹೋಗಿದ್ರು. ತಪಾಸಣಿಗೆ ಬಂದವ್ರಿಗೆ ಒಂದೂ ಕಲ್ಲು ಸಿಗಲಿಲ್ಲ. ಈ ಊರವ್ರಿಗೆ ಯೋಜನಾ ಬ್ಯಾಡಾಗೈತಿ ಅಂತ ಬರಕೊಂಡು ಹೋದ್ರು. ಎಲ್ಲಾ ಬ್ಯಾರೆ ಊರಿಗೆ ಹೋತು. ಇನ್ನ ನಮಗ ಬರಂಗಿಲ್ಲ."

ನಕ್ಕು ಹೇಳಿದ ಆ ನೌಕರನ ಮಾತು ಯಂಕವ್ವನಿಗೆ ಈಗ ಅರ್ಥವಾಯಿತು. ಹೊಲದಲ್ಲಿ ನಿಲ್ಲಬೇಕಿದ್ದದ್ದು ಮಳೆಯ ನೀರು. ಊರಿನ ಬಾಯಿಗೆ ಬಂದ ನೀರನ್ನು ತಾನು ಕಸಿದುಕೊಂಡಿದ್ದಳು. ನಾನೇ ಕಿತ್ತದ್ದು ಎಂದು ಎಲ್ಲರೆದುರು ಹೇಳಿ ಕಾಲಿಗೆ ಬೀಳಬೇಕೆಂದು ಒಂದು ಹೆಜ್ಜೆ ಮುಂದಿಟ್ಟಳು.

"ಒಂದಲ್ಲ, ಎರಡಲ್ಲ," ಪರಮಾನಂದ ಕಾಗದವನ್ನು ಎತ್ತಿ ತೋರಿಸಿದ. "ನಲವತ್ತೆರಡು ಕಲ್ಲು. ಯಾರು ಕಿತ್ತಿದ್ರಿ?"

ಇಡೀ ಊರು ತಲೆ ತಗ್ಗಿಸಿ ನಿಂತಿತ್ತು. ರೇವಪ್ಪ ಹೆಗಲ ಮೇಲಿನ ವಲ್ಲಿಯಿಂದ ಮುಖ ಮುಚ್ಚಿಕೊಂಡಿದ್ದ.

ಯಂಕವ್ವ ಕಿತ್ತದ್ದು ಮೂರೇ ಮೂರು.