ನಾಲ್ಕನೇ ನಂಬರಿನ ನಾಲಿಗೆ

ಹದಿನೆಂಟು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಕೂಗಿದ ಹೆಂಗಸನ್ನು ಸೋಮವಾರ ಬೆಳಿಗ್ಗೆ ಕುರ್ಚಿಯಿಂದ ಎಬ್ಬಿಸಿ, ಕಳೆದುಹೋದ ಸಾಮಾನುಗಳ ಕೋಣೆಗೆ ಹಾಕಿದರು. ಅವಳ ಇಂಗ್ಲಿಷ್ ಉಚ್ಚಾರ ತಪ್ಪಂತೆ.

ಕಾಗದ ತಂದುಕೊಟ್ಟ ಮ್ಯಾನೇಜರ್ ಮುಖ ಎತ್ತಲಿಲ್ಲ. "ನನ್ನ ಮೇಲೆ ಸಿಟ್ಟಾಗ್ಬೇಡಿ ಅಕ್ಕ. ಮೇಲಿನವರು ಬರೀ ಟೇಪ್ ಕೇಳಿ ನಂಬರ್ ಹಾಕ್ತಾರೆ. ಹೆಸರು ನೋಡಲ್ಲ, ಮುಖ ನೋಡಲ್ಲ. ಪಕ್ಷಪಾತ ಆಗಬಾರದಂತೆ."

ಅವಳ ಟೇಪಿಗೆ ನಾಲ್ಕನೇ ನಂಬರು. ಕಾಗದದಲ್ಲಿ ಎರಡೇ ಸಾಲಿನ ತೀರ್ಪು. ಊರಿನ ಭಾಷೆಯ ಘೋಷಣೆ: ಅತ್ಯುತ್ತಮ. ಇಂಗ್ಲಿಷ್ ಘೋಷಣೆ: ಮಾತೃಭಾಷೆಯ ಪ್ರಭಾವ ವಿಪರೀತ, ತಿದ್ದತಕ್ಕದ್ದು. ಐದು ದಿನ ಫೋನಿನಲ್ಲಿ ಪಾಠ. ಶುಕ್ರವಾರ ಪಾಸಾದರೆ ಮೈಕು. ಇಲ್ಲದಿದ್ದರೆ ಯಂತ್ರದ ದನಿಯೇ ಕಾಯಂ.

ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅಂಗಡಿಗೆ ಹೋಗಿ ಉಪ್ಪು ಕೇಳುವುದಕ್ಕೂ ಅವಳಿಗೆ ಬಾಯಿ ಬರುತ್ತಿರಲಿಲ್ಲ. ಮೈಕಿನ ಮುಂದೆ ಕೂತ ಮೇಲೆಯೇ ಊರು ಅವಳ ಮಾತಿಗೆ ಕಿವಿಗೊಟ್ಟದ್ದು, ಇದು ತನ್ನ ಊರು ಅನ್ನಿಸಿದ್ದು. ಈಗ ಅವಳ ಸುತ್ತ ನಲವತ್ತೊಂದು ಕೊಡೆ, ಹದಿಮೂರು ಒಂಟಿ ಚಪ್ಪಲಿ, ಒಂದು ಹಲ್ಲುಸೆಟ್ಟು. ಅವುಗಳಲ್ಲಿ ಮಾತಿನ ಯೋಗ್ಯತೆ ಇದ್ದದ್ದು ಆ ಹಲ್ಲುಸೆಟ್ಟಿಗೆ ಮಾತ್ರ.

ಟಿಕೆಟ್ ಕೌಂಟರಿನವನು ಸುದ್ದಿ ಕೇಳಿ ಓಡಿಬಂದ. "ಅಕ್ಕ, ನಿಮಗೆ ಇಂಗ್ಲಿಷ್ ಕಲಿಸ್ತಾರಂತೆ?"

"ಕಲಿಸ್ತಾರಂತೆ."

"ನೀವೂ ಬಾಯಿ ಮುಚ್ಕೊಂಡು ಕಲಿತೀರಾ?"

"ಬಾಯಿ ದೊಡ್ಡದಾಗಿ ತೆರೆದು ಕಲೀಬೇಕಂತೆ ಕಣಪ್ಪ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕುಡಿಯುತ್ತಿದ್ದ ಚಹಾ ಮೂಗಿಗೆ ಏರಿ, ಬೆನ್ನು ತಟ್ಟಬೇಕಾಯಿತು.

ಹನ್ನೊಂದು ಗಂಟೆಗೆ ಫೋನು ಬಂತು. ಉಚ್ಚಾರ ತಜ್ಞರು. ಅವಳು ಇಂಗ್ಲಿಷಿನಲ್ಲೇ ನಮಸ್ಕಾರ ಹೇಳಿ, ಪಾಠಕ್ಕೆ ಸಿದ್ಧಳಾಗಿದ್ದೇನೆ ಎಂದಳು. ತಜ್ಞರು ತಡೆದರು.

"ಒಂದು ಅಕ್ಷರ ಅರ್ಥ ಆಗಲಿಲ್ಲಮ್ಮ. ನಮ್ಮ ಭಾಷೆಯಲ್ಲೇ ಮಾತಾಡಿ. ಇಂಗ್ಲಿಷು ಪಾಠದಲ್ಲಿ ಮಾತ್ರ ಸಾಕು."

ಪಾಠ ನಡೆಯಿತು. ಅವಳ ಬಾಯಲ್ಲಿ ಬಸ್ಸು 'ಬುಸ್' ಆಗುತ್ತಿತ್ತು. "ಹಾವೇನಮ್ಮ ಅದು, ಬುಸ್ ಅನ್ನೋಕೆ?" ಎಂದರು ತಜ್ಞರು. 'ಹಾಫ್' ಎನ್ನಲು ಹೋದರೆ 'ಆಫ್' ಬರುತ್ತಿತ್ತು. ಹಕಾರ ನುಂಗುವುದು ಹಿಂದುಳಿದವರ ಲಕ್ಷಣವೆಂದು ತಜ್ಞರು ಮರುಗಿದರು. ತಾವು ಹನ್ನೆರಡು ಕ್ಯಾಸೆಟ್ಟು ಕೇಳಿ, ಕನ್ನಡಿಯ ಮುಂದೆ ನಿಂತು, ಹಕಾರವನ್ನು ಗೆದ್ದವರು ಎಂದೂ ತಿಳಿಸಿದರು.

"ನಮ್ಮೂರಲ್ಲಿ ಎಲ್ಲರೂ ಹೀಗೇ ಅಂತೀವಿ ಸಾರ್," ಎಂದಳು.

"ನಿಮ್ಮೂರಿನ ಕತೆ ಬೇಡ. ಸರಿಯಾದ್ದು ಹೇಳಿ."

ಸಂಜೆ ಮನೆಯಲ್ಲಿ ಅತ್ತೆ ಕಾಗದ ಓದಿಸಿಕೊಂಡರು. ಓದಿಸಿಕೊಂಡು ಗೆದ್ದವರ ಹಾಗೆ ಕೂತರು. "ನೋಡಿದೆಯಾ, ನಾನು ತಿದ್ದಿದ ಮಾತಿಗೆ ಪಾಸು. ನಿಮ್ಮಮ್ಮ ತಿದ್ದಿದ್ದಕ್ಕೆ ಫೇಲು. ಬೀಗಿತ್ತಿಗೊಂದು ಕಾಗದ ಹಾಕು, ಖುಷಿಪಡಲಿ."

ಬುಧವಾರ ಲೈನಿನಲ್ಲಿ ಇನ್ನೊಬ್ಬ ತಜ್ಞರೂ ಸೇರಿದರು. ಅವರು 'ಸ್ಕೆಡ್ಯೂಲ್' ಎನ್ನಬೇಕೆಂದರು. ಇವರು 'ಶೆಡ್ಯೂಲ್' ಎಂದರು. ಅವರು ನಿಘಂಟು ತೆಗೆದರು, ಇವರು ಕ್ಯಾಸೆಟ್ಟು ತೆಗೆದರು. ಇಬ್ಬರೂ ಒಬ್ಬರ ವಿದ್ಯೆಯನ್ನೊಬ್ಬರು ಜಾಲಾಡುವಷ್ಟರಲ್ಲಿ ಅವಳು ಮೂರು ಕೊಡೆಗಳನ್ನು ಅವುಗಳ ಒಡೆಯರಿಗೆ ಮುಟ್ಟಿಸಿ ಬಂದಳು. ಹೊರಗೆ ಯಂತ್ರ ತಣ್ಣಗೆ ಇಂಗ್ಲಿಷ್ ಉಲಿಯುತ್ತಿತ್ತು. ಮೂಟೆ ಹೊತ್ತ ಅಜ್ಜನೊಬ್ಬ ಕಿಟಕಿಯಲ್ಲಿ ಇಣುಕಿ, "ನೆಗಡಿಯವಳನ್ನ ಯಾಕಮ್ಮ ಕೂರಿಸಿದ್ದಾರೆ? ನೀನೆಲ್ಲಿ ಹೋದೆ?" ಎಂದು ಕೇಳಿದ. ಅವಳು ಮಾರನೆಯ ದಿನದ ಪಾಠವನ್ನು ಹಲ್ಲು ಕಚ್ಚಿ ಕಲಿತಳು. ಒಂದೊಂದು ಪದವನ್ನು ನೂರು ಸಲ ಅಂದಳು. ಮೈಕು ಬೇಕಿತ್ತು.

"ಪರವಾಗಿಲ್ಲ," ಎಂದರು ತಜ್ಞರು, "ಆದರೆ ಬೇರು ಹೋಗಿಲ್ಲ. ನಿಮ್ಮ ತಾಯಿ ಏನು ಓದಿದ್ದರು?"

"ಹೆಚ್ಚು ಓದಿಲ್ಲ ಸಾರ್. ಗಣಿಯ ಕ್ಯಾಂಟೀನಲ್ಲಿ ಪಾತ್ರೆ ತೊಳೀತಿದ್ರು."

"ಅದೇ ನೋಡಿ. ಪಾತ್ರೆ ತೊಳೆಯೋರ ನಾಲಿಗೆ. ಮಗಳಿಗೆ ಅಂಟಿಕೊಂಡುಬಿಟ್ಟಿದೆ. ಕೆರೆದು ತೆಗೀಬೇಕು."

ಅವಳಿಗೆ ಅಮ್ಮನ ಕೈಗಳ ಬಿರುಕುಗಳಿಗೆ ತಾನು ಎಣ್ಣೆ ಹಚ್ಚುತ್ತಿದ್ದದ್ದು, ಆಗ ಅಮ್ಮ ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ ಪೋಲಿ ಪದ್ಯಗಳು ನೆನಪಾದವು. ಫೋನಿಟ್ಟ ಮೇಲೆ ಆ ಪದ್ಯಗಳನ್ನು ಒಂದೊಂದಾಗಿ ಕೊಡೆಗಳಿಗೆ ಹೇಳಿದಳು.

ಶುಕ್ರವಾರ ಮ್ಯಾನೇಜರ್ ಒಂದು ಒಪ್ಪಿಗೆ ಪತ್ರ ತಂದರು. ಫೋನಿನ ದನಿ ಜೋರು ಮಾಡಿ ಮೇಜಿನ ಮೇಲಿಟ್ಟರು.

"ನಾಲ್ಕನೇ ನಂಬರು ಪಾಸು," ಎಂದರು ತಜ್ಞರು. "ಪತ್ರ ತುಂಬಿ ಸಹಿ ಹಾಕಿ. ಸೋಮವಾರದಿಂದ ಮೈಕು ನಿಮ್ಮದು. ಸಹಿ ಇಲ್ಲದಿದ್ದರೆ ಯಂತ್ರ."

ಪತ್ರದಲ್ಲಿತ್ತು: 'ನನ್ನ ಇಂಗ್ಲಿಷನ್ನು ನನ್ನ ಮಾತೃಭಾಷೆ ಕೆಡಿಸಿದೆ. ಆ ಭಾಷೆಯ ಸೋಂಕನ್ನು ನಾಲಿಗೆಯಿಂದ ತೊಡೆದುಹಾಕಲು ಒಪ್ಪಿದ್ದೇನೆ.' ಕೆಳಗೆ, ಆ ಮಾತೃಭಾಷೆ ಯಾವುದೆಂದು ಬರೆಯಲು ಜಾಗ.

ಅವಳು ಬರೆದಳು. ಮ್ಯಾನೇಜರ್ ಇಣುಕಿ ನೋಡಿ, ಕರವಸ್ತ್ರದಿಂದ ಹಣೆ ಒರೆಸಿಕೊಂಡು, ಬರೆದದ್ದನ್ನು ಫೋನಿಗೆ ಮೆಲ್ಲಗೆ ಓದಿ ಹೇಳಿದರು.

"ತಮಾಷೆ ಬೇಡಮ್ಮ," ತಜ್ಞರ ದನಿ ಏರಿತು. "ಕಲಿತ ಭಾಷೆ ಕೇಳಿಲ್ಲ. ಅದನ್ನ ಹೊಡೆದುಹಾಕಿ, ನಿಮ್ಮ ತಾಯಿ ಆಡೋ ಭಾಷೆ ಬರೀರಿ."

ಅವಳು ಪೆನ್ನಿಗೆ ಟೋಪಿ ಹಾಕಿದಳು.

"ನಮ್ಮಮ್ಮ ಇರೋದು ಇಂಗ್ಲೆಂಡಿನ ಗಣಿ ಊರಲ್ಲಿ ಸಾರ್, ಹುಟ್ಟಿದಾಗಿನಿಂದ ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆ ಅವರಿಗೆ ಬರಲ್ಲ, ನಾನು ಹೊಡೆದುಹಾಕಲ್ಲ."