ನೀಲಾಂಬಿಕೆಯ ತಲೆಬರಹ

ಆ ಊರಿನಲ್ಲಿ ಎಲ್ಲರ ತಲೆಯ ಮೇಲೂ ಗೇಣುದ್ದದ ತಲೆಬರಹವೊಂದು ತೇಲುತ್ತಿತ್ತು. ನೀಲಾಂಬಿಕೆಯದು ‘ಅತ್ಯಾಚಾರ ಸಂತ್ರಸ್ತೆ’. ಆರು ವರ್ಷದ ಹಿಂದೆ ಠಾಣೆಯವರು ಹಾಕಿದ್ದು. ಅದನ್ನು ಓದಿದವರೆಲ್ಲ ಬಸ್ಸಿನಲ್ಲಿ ಎದ್ದು ಸೀಟು ಬಿಡುತ್ತಿದ್ದರು, ದನಿ ತಗ್ಗಿಸುತ್ತಿದ್ದರು.

ಇನ್ನು ಅವರವರ ತಲೆಬರಹ ಅವರವರೇ ಆರಿಸಿಕೊಳ್ಳಬಹುದೆಂದು ಆದೇಶ ಬಂದ ದಿನವೇ ಅವಳು ಕಚೇರಿಗೆ ಓಡಿದಳು. ಗುಮಾಸ್ತ ತಟ್ಟೆಯಲ್ಲಿ ಬರಹಗಳನ್ನು ತಂದಿಟ್ಟ. ‘ಬದುಕುಳಿದವಳು’ ಹಾಕಿಕೊಂಡರೆ ಈಗಷ್ಟೇ ಬಾವಿಯಿಂದ ಎತ್ತಿದ ಹಾಗೆ ಕಂಡಿತು. ‘ವೀರವನಿತೆ’ ಎತ್ತರವಾಗಿ ಬಾಗಿಲ ಮೇಲ್ಚೌಕಟ್ಟಿಗೆ ಬಡಿಯಿತು. ಪಕ್ಕದ ಕುರ್ಚಿಯಲ್ಲಿದ್ದ, ಅವಳದೇ ಹಳೆಯ ತಲೆಬರಹದ ಹೆಂಗಸೊಬ್ಬಳು ನಕ್ಕಳು.

“ನಾ ಅಂತೂ ಸಂತ್ರಸ್ತೆ ಅಂತನ ಇಟ್ಕೋತೀನ್ರಿ. ತಪ್ಪು ಅವಂದು ಅನ್ನೂದು ಅದರಾಗ ಐತಿ.”

“ನಿಮಗ ಛಂದ ಒಪ್ಪತೈತ್ರಿ,” ಎಂದು ನೀಲಾಂಬಿಕೆ ಗುಮಾಸ್ತನತ್ತ ತಿರುಗಿದಳು. “ನನಗ ‘ಸೀಟಿ ಹೊಡಿಯಾಕಿ’ ಅಂತ ಹಾಕ್ರಿ.”

“ಅದು ಪಟ್ಟಿಯೊಳಗ ಇಲ್ರಿ.”

“ಈಗ ಬರೀರಿ. ನಾ ಭಾಳ ಛಲೋ ಹೊಡೀತೀನಿ.”

ನಿಲ್ದಾಣದಲ್ಲಿ ನಿಂತಿದ್ದ ಬಸ್ಸು ಹತ್ತಿದಳು. ಯಾರೂ ಸೀಟು ಬಿಡಲಿಲ್ಲ. ಅಜ್ಜನೊಬ್ಬ ಅವಳ ತಲೆಬರಹ ಓದಿ, “ಎಲ್ಲಿ, ಹೊಡಿ ನೋಡೂಣು,” ಎಂದ. ಅವಳು ಬಾಯಿಗೆ ಬೆರಳಿಟ್ಟು ಎರಡು ಸಲ ಹೊಡೆದಳು. ಕಂಡಕ್ಟರನ ಸೀಟಿಯೆಂದುಕೊಂಡು ಡ್ರೈವರ್ ಬಸ್ಸು ಬಿಟ್ಟೇಬಿಟ್ಟ. ಕೆಳಗೆ ಚಹಾ ಕುಡಿಯುತ್ತಿದ್ದ ಕಂಡಕ್ಟರ ಲೋಟ ಹಿಡಿದೇ ಓಡಿ ಬಂದು ಹತ್ತಿದ.

“ಸೀಟಿ ಹೊಡಿಯಾಕಿ ಅಂತ, ಸೀಟಿ ಹೊಡಿಯಾಕಿ. ಬುದ್ಧಿ ಐತೇನವಾ ನಿನಗ?”

ಮುಂದಿನ ಸ್ಟಾಪಿನ ತನಕ ಬೈದ. ಆರು ವರ್ಷದಿಂದ ಅವಳನ್ನು ಯಾರೂ ಬೈದಿರಲಿಲ್ಲ. ನೀಲಾಂಬಿಕೆ ಒಂದಕ್ಷರವನ್ನೂ ಬಿಡದೆ ಕೇಳಿಸಿಕೊಂಡಳು.