ಗೋಡೆಗೇರಿದ ರಘೋತ್ತಮ

ಮೂರನೆಯ ಸಲವೂ ಮ್ಯಾನೇಜರ್ ಕುರ್ಚಿ ಬಿಳಿಯನಿಗೇ ಹೋದಾಗ ರಘೋತ್ತಮನಿಗೆ ಅನುಮಾನ ಉಳಿಯಲಿಲ್ಲ. ಇದು ಮೈಬಣ್ಣದ ಕೆಲಸವೇ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಆ ಕಂಪನಿಯಲ್ಲಿ ಒಂಬತ್ತು ವರ್ಷ ದುಡಿದಿದ್ದ. ತಾನು ಕೆಲಸ ಕಲಿಸಿಕೊಟ್ಟ ಹುಡುಗರ ಕೈಕೆಳಗೇ ಈಗ ಕೂರಬೇಕಿತ್ತು. ಹೊಟ್ಟೆ ಉರಿಯಿತು. ಉರಿಯಬೇಕಾದದ್ದೇ.

ದಾರಿ ತೋರಿಸಿದವನು ಅದೇ ಆಫೀಸಿಗೆ ಹೊಸದಾಗಿ ಸೇರಿದ್ದ ದೇವರಾಜು. ಅವನ ಗೆಳೆಯ ವಾಲ್ಟರ್, ಓಕ್ಲೆಂಡಿನ ಕಪ್ಪು ಜನಾಂಗದ ಫೋಟೊಗ್ರಾಫರ್, ವರ್ಣಭೇದದ ಚಿತ್ರಗಳ ಪ್ರದರ್ಶನವೊಂದನ್ನು ಮೆನ್ಲೋ ಪಾರ್ಕ್‌ನಲ್ಲಿ ಇಡುವವನಿದ್ದ. ಹಳೆಯ ಚಿತ್ರಗಳು ಸಾಕಷ್ಟಿದ್ದವು. ಎಂಬತ್ತಾರರ ಈ ಕಾಲದ್ದೊಂದು ಬೇಕಿತ್ತು.

"ನಂದೇ ತೆಗೀಲಿ ಬಿಡಿ," ಎಂದ ರಘೋತ್ತಮ. "ಬಾಸನ್ನ ನಾನೇ ಕರ್ಕೊಂಡ್ಹೋಗಿ ಗೋಡೆ ಮುಂದೆ ನಿಲ್ಲಿಸ್ತೀನಿ. ನಾಚಿಕೆಗಾದ್ರೂ ಪ್ರಮೋಷನ್ನು ಕೊಡ್ತಾನೆ."

ಅಂದೇ ಹೊಸ ವಿಸಿಟಿಂಗ್ ಕಾರ್ಡಿನ ನಮೂನೆಯನ್ನೂ ಆರಿಸಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಪೈಕಿ.

ಶನಿವಾರ ಬೆಳಿಗ್ಗೆ ದೇವರಾಜು, ವಾಲ್ಟರ್ ಇಬ್ಬರೂ ಅಪಾರ್ಟ್‌ಮೆಂಟಿಗೆ ಬಂದರು. ಚಿತ್ರದಲ್ಲಿ ನಮ್ಮ ಸಂಸ್ಕೃತಿ ಕಾಣಬೇಕೆಂದು ರಘೋತ್ತಮ ಸೋಫಾದ ಹಿಂದಿನ ಕಪಾಟಿನಲ್ಲಿ ಹೆಂಡತಿಯ ತವರಿನ ಹನ್ನೆರಡು ಸ್ಟೀಲ್ ಲೋಟಗಳನ್ನು ಉಜ್ಜಿ ಜೋಡಿಸಿದ್ದ. ಒಂದೊಂದರ ಮೇಲೂ ಅವಳ ಹೆಸರು ಕೊರೆಸಿತ್ತು: ನಿರುಪಮಾ.

ಪರದೇಶದಲ್ಲಿ ಕನ್ನಡದವರು ಸಿಕ್ಕರೆ ಯಾರು ತಾನೇ ಸುಮ್ಮನಿರುತ್ತಾರೆ? ನಿರುಪಮಾ ದೇವರಾಜುವನ್ನು ವಿಚಾರಿಸಿದಳು.

"ಯಾವೂರು ನಿಮ್ದು?"

"ಮಳವಳ್ಳಿ ಹತ್ರ ಅಕ್ಕಾ."

"ಹೌದಾ! ನಮ್ಮ ಅತ್ತೆ ಊರೂ ಅದೇ ಕಡೆ. ಯಾವ ಬೀದಿ?"

"ಕೊನೇ ಬೀದಿ. ಊರು ಮುಗಿದ ಮೇಲೆ ಸಿಗುತ್ತೆ."

"ಓ," ಎಂದು ನಿರುಪಮಾ ಕಾಫಿ ಮಾಡಲು ಎದ್ದಳು.

ವಾಲ್ಟರ್ ಆಲ್ಬಮ್ ಬಿಡಿಸಿದ. ಅಮೆರಿಕದ ದಕ್ಷಿಣದ ಹಳೆಯ ಚಿತ್ರ. ಒಂದೇ ಗೋಡೆ, ಎರಡು ನಲ್ಲಿ. ಒಂದು ಬಿಳಿಯರಿಗೆ, ಇನ್ನೊಂದು ಕಪ್ಪು ಜನರಿಗೆ. ಇಂಥ ಚಿತ್ರಗಳನ್ನು ಕಂಡೇ ದೇಶ ತಲೆತಗ್ಗಿಸಿತು, ಆಮೇಲೆ ಕಾನೂನು ಬದಲಾಯಿತು ಎಂದ.

ರಘೋತ್ತಮನ ಕಣ್ಣು ನಿಜವಾಗಿಯೂ ಒದ್ದೆಯಾಯಿತು. "ಕುಡಿಯುವುದರಲ್ಲೂ ಭೇದವೇ? ಇವರೂ ಮನುಷ್ಯರೇ?" ಎಂದ, ಇಂಗ್ಲಿಷಿನಲ್ಲಿ. ವಾಲ್ಟರ್ ಆ ಮಾತನ್ನು ಗುರುತುಹಾಕಿಕೊಂಡ. ಹಾಕಿಕೊಳ್ಳಲಿ ಎಂದು ರಘೋತ್ತಮ ತನ್ನ ಹೆಸರನ್ನೂ ಬಿಡಿಸಿ ಬಿಡಿಸಿ ಬರೆಸಿದ.

ಕಾಫಿ ಬಂತು. ವಾಲ್ಟರನಿಗೆ ಹೆಸರು ಕೊರೆಸಿದ ಲೋಟದಲ್ಲಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಗಂಡನಿಗೂ ಅಂಥದ್ದೇ ಲೋಟ. "ನಮ್ಮ ಮನೆಯಲ್ಲಿ ಕಪ್ಪು ಬಿಳುಪು ಎಂಬುದಿಲ್ಲ," ಎಂದು ರಘೋತ್ತಮ ಎದೆಯುಬ್ಬಿಸಿದ. ದೇವರಾಜುವಿನ ಕಾಫಿ ಪೇಪರ್ ಕಪ್ಪಿನಲ್ಲಿ ಬಂತು.

"ಬೇಜಾರು ಮಾಡ್ಕೋಬೇಡಿ, ಲೋಟ ಎಲ್ಲಾ ತೊಳೆಯೋಕೆ ಬಿದ್ದಿವೆ."

"ಪರವಾಗಿಲ್ಲ ಅಕ್ಕಾ, ಅಭ್ಯಾಸ ಇದೆ," ಎಂದು ಅವನು ನಕ್ಕ.

ಅವಳೇನೆಂದಳೆಂದು ವಾಲ್ಟರ್ ಕೇಳಿದ. ದೇವರಾಜು ಇಂಗ್ಲಿಷಿನಲ್ಲಿ ಹೇಳಿದ. ಕ್ಯಾಮೆರಾ ಕ್ಲಿಕ್ಕೆಂದಿತು. ರಘೋತ್ತಮ ತಕ್ಷಣ ಮುಖದಲ್ಲಿ ನೋವು ತಂದುಕೊಂಡ.

ಪ್ರದರ್ಶನದ ದಿನ ರಘೋತ್ತಮ ಸೂಟು ತೊಟ್ಟ. ನಿರುಪಮಾ ಮೈಸೂರು ರೇಷ್ಮೆ ಉಟ್ಟಳು. ಬಾಸ್ ಸಪತ್ನೀಕನಾಗಿ ಬಂದ. ನಲ್ಲಿಗಳ ಚಿತ್ರದ ಪಕ್ಕದಲ್ಲೇ ಜನ ಮುತ್ತಿದ್ದರು. "ಅದೇ ನನ್ನದು," ಎಂದು ರಘೋತ್ತಮ ದಾರಿ ಬಿಡಿಸಿಕೊಂಡು ಬಾಸನ್ನು ಮುಂದೆ ನಿಲ್ಲಿಸಿದ. ಬಾಸ್ ಬಹಳ ಹೊತ್ತು ಚಿತ್ರ ನೋಡಿದ. ಆಮೇಲೆ ರಘೋತ್ತಮನನ್ನು ನೋಡಿದ.

ಚಿತ್ರದಲ್ಲಿ ರಘೋತ್ತಮ ಇರಲೇ ಇಲ್ಲ: ಪೇಪರ್ ಕಪ್ಪು ಹಿಡಿದು ನಗುತ್ತಿದ್ದ ದೇವರಾಜು, ಅವನ ಹಿಂದೆ ಕಪಾಟಿನಲ್ಲಿ ಫಳಫಳ ಹೊಳೆಯುವ ಹತ್ತು ಸ್ಟೀಲ್ ಲೋಟ, ಕೆಳಗೆ ರಘೋತ್ತಮನ ಹೆಸರಿನಲ್ಲೇ ಒಂದು ಸಾಲು— "ಕುಡಿಯುವುದರಲ್ಲೂ ಭೇದವೇ? ಇವರೂ ಮನುಷ್ಯರೇ?"